ಕಾರು ನಿಂತಾಗ ಗಡಿಯಾರ ಹೇಳಿದ್ದು

(ನಮ್ಮ ಸಂಘದ ಮಹಿಳಾ ವೇದಿಕೆಯ ತಿಂಗಳ ಸಭೆಯಲ್ಲಿ ಮಾಡಿದ ಮಾತಿನ ಬರಹ ರೂಪ)



ಈ ಸಭೆಗೆ ಕರೆಯಲು ವೇದಿಕೆಯ ಕಾರ್ಯದರ್ಶಿಯವರು ಫೋನ್ ಮಾಡಿದಾಗ, "ನೀವು ಐಟಿಯವರು, ಸೈಬರ್ ಸುರಕ್ಷತೆ ಬಗ್ಗೆ ಮಾತಾಡ್ತೀರಾ?" ಅಂತ ಕೇಳಿದರು. ನಾನು, "ಕಾರಿನ ವೈರಿಂಗ್ ಬಗ್ಗೆ ಮಾತಾಡಲಾ?" ಅಂದೆ. ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ನಕ್ಕು, "ಆಗಲಿ, ಆದರೆ ನಮಗೆಲ್ಲ ತಿಳಿಯೋ ಹಾಗೆ ಹೇಳಬೇಕು" ಅಂದರು. ಆ ಷರತ್ತಿಗೆ ಒಪ್ಪಿಯೇ ಇಲ್ಲಿ ನಿಂತಿದ್ದೇನೆ. ತಿಳಿಯದಿದ್ದರೆ ಮಧ್ಯದಲ್ಲೇ ಕೈ ಎತ್ತಿ.

ನಾನು ಓದಿದ್ದು ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂಟೆಕ್. ಹಿಂಜವಡಿಯಲ್ಲಿ ಕೆಲಸ. ದೊಡ್ಡ ಸಾಫ್ಟ್‌ವೇರ್ ವ್ಯವಸ್ಥೆಗಳು ನಡುರಾತ್ರಿ ನಿಂತುಹೋದರೆ ಏಕೆ ನಿಂತವು ಅಂತ ಹುಡುಕುವುದೇ ನನ್ನ ಸಂಬಳದ ಕೆಲಸ. ಎರಡು ವರ್ಷದ ಹಿಂದೆ ನನ್ನ ಉಳಿತಾಯದ ದುಡ್ಡಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸ್ಪೋರ್ಟ್ಸ್ ಕಾರು ಕೊಂಡೆ. ಎರಡೇ ಸೀಟು, ಮಡಚುವ ಬಟ್ಟೆಯ ಛಾವಣಿ. ಮನೆಗೆ ಬೇರೆ ಕಾರಿದೆ. ಇದು ಕಾಲೇಜಿನ ದಿನಗಳಿಂದ ಇದ್ದ ಆಸೆ. ಕಂಪನಿಯ ಹೆಸರು ಬೇಡ. ತಪ್ಪು ಕಂಪನಿಯದಲ್ಲ, ಹಳೆಯ ಕಾರಿನ ವಯಸ್ಸಿನದು ಅಂತ ಆಮೇಲೆ ನಿಮಗೇ ತಿಳಿಯುತ್ತದೆ.

ಆ ವರ್ಷ ಜುಲೈನಲ್ಲಿ ಅಮ್ಮ ಧಾರವಾಡದಿಂದ ಬಂದಿದ್ದಳು. ಮುಂಬೈಯಲ್ಲಿ ಒಂದು ಮದುವೆ ಮುಗಿಸಿ ನಾವಿಬ್ಬರೇ ಎಕ್ಸ್‌ಪ್ರೆಸ್‌ವೇಯಲ್ಲಿ ಪುಣೆಗೆ ವಾಪಸು ಬರುತ್ತಿದ್ದೆವು. ರಾತ್ರಿ ಒಂಬತ್ತರ ಹೊತ್ತು, ಖಂಡಾಲಾ ಘಾಟ್, ಜೋರು ಮಳೆ. ಲಾರಿಗಳ ಹಿಂದೆ ತೆವಳುತ್ತ ಏರುತ್ತಿದ್ದೆ. ಹೆಡ್‌ಲೈಟ್, ವೈಪರ್, ಗಾಜಿನ ಮಂಜು ಹೋಗಲಿ ಅಂತ ಬ್ಲೋವರ್, ಎಲ್ಲವೂ ಓಡುತ್ತಿದ್ದವು. ಇದ್ದಕ್ಕಿದ್ದಂತೆ ಕಾರು ಸತ್ತುಹೋಯಿತು. ಇಂಜಿನ್ ಮಾತ್ರವಲ್ಲ, ಹೆಡ್‌ಲೈಟ್ ಇಲ್ಲ, ಡ್ಯಾಶ್‌ಬೋರ್ಡ್ ಇಲ್ಲ, ವೈಪರ್ ಗಾಜಿನ ನಡುವೆಯೇ ನಿಂತಿದೆ. ನಾಲ್ಕೂ ಇಂಡಿಕೇಟರ್ ಮಿನುಗಿಸುವ ಬಟನ್ ಒತ್ತಿದರೆ ಅದೂ ಇಲ್ಲ. ಕತ್ತಲಲ್ಲಿ, ಮಳೆಯಲ್ಲಿ, ಲಾರಿಗಳ ಮುಂದೆ ದೀಪವಿಲ್ಲದ ಕಾರಿನಲ್ಲಿ ನಾನು ಮತ್ತು ಅಮ್ಮ.

ಹೇಗೋ ಎಡಕ್ಕೆ ಎಳೆದು ಹ್ಯಾಂಡ್‌ಬ್ರೇಕ್ ಹಾಕಿದೆ. ಅಮ್ಮನನ್ನು ಎಡಬದಿಯಿಂದ ಇಳಿಸಿ ಕಬ್ಬಿಣದ ತಡೆಯ ಆಚೆ ನಿಲ್ಲಿಸಿದೆ. ಎಚ್ಚರಿಕೆಯ ತ್ರಿಕೋನ ತರಲು ಡಿಕ್ಕಿ ತೆರೆದೆ, ತೆಗೆದೆ, ದಡ್ ಅಂತ ಮುಚ್ಚಿದೆ. ತ್ರಿಕೋನ ಇಟ್ಟು ತಿರುಗಿ ಬಂದರೆ ಕಾರಿನೊಳಗಿನ ದೀಪ ಹತ್ತಿದೆ! ಕೀ ತಿರುಗಿಸಿದೆ, ಇಂಜಿನ್ ಶುರುವಾಯಿತು. ದೇವರು ದೊಡ್ಡವನು ಅಂದುಕೊಂಡು ಮನೆ ಸೇರಿದೆವು.

ಮರುದಿನ ಗ್ಯಾರೇಜಿಗೆ ಹೋದೆವು. ಅಮ್ಮನೂ ಬಂದಿದ್ದಳು. ನಾನು ಎಲ್ಲ ಹೇಳಿದ ಮೇಲೆ ಅವಳು, "ನೀ ಡಿಕ್ಕಿ ಬಾಗಲಾ ಜೋರಾಗಿ ಹಾಕಿದಿ ನೋಡು, ಆವಾಗೇ ದೀಪ ಹತ್ತಿತು. ಅದನ್ನೂ ಹೇಳು ಅವರಿಗೆ" ಅಂದಳು. ನಾನು ಹೇಳಿದೆ. ಅಲ್ಲಿದ್ದವರು ನಕ್ಕು, ಡಿಕ್ಕಿಗೂ ಇಂಜಿನ್ನಿಗೂ ಏನು ಸಂಬಂಧ ಅಂದರು. ಅವರು ನಕ್ಕಿದ್ದಿರಲಿ, ನಾನೂ "ಅಮ್ಮಾ, ನೀ ಸುಮ್ನಿರು" ಅಂದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದಕ್ಕೇ ಬರುತ್ತೇನೆ.

ಅವರು ಸ್ಕ್ಯಾನರ್ ಹಾಕಿ ನೋಡಿದರು. "ಯಾವ ಕೋಡೂ ಇಲ್ಲ ಮೇಡಂ." ಪೆಟ್ರೋಲಿನಲ್ಲಿ ಕಸ ಇರಬಹುದು ಅಂತ ಇಂಜೆಕ್ಟರ್ ತೊಳೆದು ಕೊಟ್ಟರು. ಬಿಸಿಲಿನಲ್ಲಿ ಟ್ರಯಲ್ ಹೋದರೆ ಕಾರು ಬೆಣ್ಣೆಯ ಹಾಗೆ ಓಡಿತು. ಮೂರು ವಾರ ಕಳೆಯಿತು. ಮತ್ತೊಂದು ಮಳೆ, ಮತ್ತೊಂದು ರಾತ್ರಿ, ವಾಕಡ್ ಹತ್ತಿರ ಹಾಗೇ ಸತ್ತಿತು. ಎರಡನೆಯ ಗ್ಯಾರೇಜಿನವರು ಹೊಸ ಬ್ಯಾಟರಿ ಹಾಕಿದರು. ಒಂದೂವರೆ ತಿಂಗಳು ಏನೂ ಆಗಲಿಲ್ಲ. ಅಕ್ಟೋಬರ್ ಮೊದಲ ವಾರದ ಮಳೆಗೆ ಹಿಂಜವಡಿ ರಸ್ತೆಯಲ್ಲಿ ಮೂರನೇ ಸಲ. ಈ ಬಾರಿ ಹಿಂದಿದ್ದ ಟೆಂಪೋ ಒಂದು ಮೊಳ ದೂರದಲ್ಲಿ ಬ್ರೇಕ್ ಹಾಕಿ ನಿಂತಿತು. ಮೂರನೆಯ ಗ್ಯಾರೇಜಿನವರು ಹೇಳಿದ್ದು: ಆಲ್ಟರ್ನೇಟರ್ ಮತ್ತು ಇಂಜಿನ್ ಕಂಪ್ಯೂಟರ್ ಎರಡನ್ನೂ ಬದಲಿಸಿ ನೋಡೋಣ, ಸುಮಾರು ಒಂದು ಲಕ್ಷ ನಲವತ್ತು ಸಾವಿರ.

"ಬದಲಿಸಿ ನೋಡೋಣ." ನನ್ನ ಕೆಲಸದಲ್ಲಿ ಹೊಸ ಹುಡುಗರು ಹೀಗಂದರೆ ನಾನು ಒಪ್ಪುವುದಿಲ್ಲ. ಮೊದಲು ಏನಾಯಿತು ಅಂತ ತಿಳಿ, ಆಮೇಲೆ ಕೈ ಹಚ್ಚು ಅನ್ನುತ್ತೇನೆ. ನನ್ನ ಕಾರಿಗೆ ಮಾತ್ರ ಮೂರು ಸಲ ಸುಮ್ಮನೆ ತಲೆ ಆಡಿಸಿದ್ದೆ. ಅಂದು ಕಾರು ಮನೆಗೆ ತಂದು, ಒಂದು ನೋಟ್‌ಬುಕ್ ತೆಗೆದು ಕೂತೆ.

ಅಕ್ಕಂದಿರೇ, ಇಂದು ನೀವು ಒಂದೇ ಒಂದು ವಿಷಯ ಮನೆಗೆ ಒಯ್ಯುವುದಾದರೆ ಈ ಪ್ರಶ್ನೆ ಒಯ್ಯಿರಿ. ಕಾರು ತಟ್ಟನೆ ನಿಂತಾಗ "ಏನು ಕೆಟ್ಟಿತು" ಅಂತ ಕೇಳಬೇಡಿ. "ಯಾವುದರ ಜೊತೆ ಯಾವುದು ಆರಿತು, ಯಾವುದು ಉಳಿಯಿತು" ಅಂತ ಕೇಳಿ. ಮನೆಯಲ್ಲಿ ಕರೆಂಟ್ ಹೋದಾಗ ನಾವು ಮಾಡುವುದೂ ಇದನ್ನೇ ಅಲ್ಲವೇ? ಒಂದು ಬಲ್ಬ್ ಆರಿದರೆ ಬಲ್ಬ್ ನೋಡುತ್ತೇವೆ. ಅಡುಗೆಮನೆ ಪೂರ್ತಿ ಆರಿದರೆ ಆ ಫ್ಯೂಸ್ ನೋಡುತ್ತೇವೆ. ಮನೆಯೇ ಕತ್ತಲಾದರೆ ಬಾಲ್ಕನಿಗೆ ಹೋಗಿ ಪಕ್ಕದ ಮನೆಯಲ್ಲಿ ದೀಪ ಇದೆಯಾ ನೋಡುತ್ತೇವೆ. ಎಷ್ಟು ಸಾಮಾನು ಒಟ್ಟಿಗೆ ಆರಿತೋ ಅಷ್ಟು ಬುಡದ ಹತ್ತಿರ ತೊಂದರೆ ಇದೆ ಅಂತ ಅರ್ಥ.

ಕಾರಿನಲ್ಲೂ ಲೆಕ್ಕ ಇದೇ. ಪೆಟ್ರೋಲ್ ಕಾರಿಗೆ ನಾಲ್ಕು ಚಿತ್ರಗಳನ್ನು ನೆನಪಿಟ್ಟುಕೊಂಡರೆ ಸಾಕು.

ಒಂದು: ಇಂಜಿನ್ ನಿಂತಿತು, ಆದರೆ ಹೆಡ್‌ಲೈಟ್ ಇದೆ, ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪಗಳು ಹತ್ತಿವೆ. ಹಾಗಾದರೆ ಬ್ಯಾಟರಿಯಿಂದ ಕರೆಂಟ್ ಬರುತ್ತಿದೆ. ಇಂಜಿನ್ನಿಗೆ ಸಂಬಂಧಪಟ್ಟದ್ದೇ ಏನೋ ಕೆಟ್ಟಿದೆ. ಪೆಟ್ರೋಲ್ ಪಂಪ್, ಅದರ ರಿಲೇ, ಅಥವಾ ಇಂಜಿನ್ ಎಷ್ಟು ತಿರುಗಿದೆ ಅಂತ ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಈ ಸೆನ್ಸರ್ ಹಲವು ಸಲ ಬಿಸಿಯಾದಾಗ ಕೈಕೊಟ್ಟು, ಅರ್ಧ ಗಂಟೆ ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡುತ್ತದೆ. ಹಾಗಾಗಿ "ಎಷ್ಟು ಹೊತ್ತಿನ ನಂತರ ಶುರುವಾಯಿತು" ಅನ್ನುವುದನ್ನೂ ಬರೆದಿಡಿ.

ಎರಡು: ಇಂಜಿನ್ ನಿಂತಿತು, ಡ್ಯಾಶ್‌ಬೋರ್ಡೂ ಆರಿತು, ಆದರೆ ನಾಲ್ಕು ಇಂಡಿಕೇಟರ್ ಮಿನುಗುತ್ತವೆ, ಹಾರ್ನ್ ಬರುತ್ತದೆ. ಆಗ ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನ ಮೇಲೆ, ಅದರ ಮುಂದಿನ ರಿಲೇ, ಫ್ಯೂಸ್ ಮೇಲೆ ಅನುಮಾನ. ಕೀ ಇಲ್ಲದಿದ್ದರೂ ಕೆಲಸ ಮಾಡುವ ಸಾಮಾನುಗಳು ಉಳಿದು, ಕೀ ಹಾಕಿದರೆ ಮಾತ್ರ ಕೆಲಸ ಮಾಡುವವು ಆರಿವೆ, ನೋಡಿ.

ಮೂರು: ತಟ್ಟನೆ ಅಲ್ಲ, ನಿಧಾನವಾಗಿ. ಬ್ಯಾಟರಿ ಚಿತ್ರದ ಕೆಂಪು ದೀಪ ಹತ್ತಿತು, ಹೆಡ್‌ಲೈಟ್ ಮಂಕಾಯಿತು, ಆಮೇಲೆ ನಿಂತಿತು. ಅದು ಆಲ್ಟರ್ನೇಟರ್ ಅಥವಾ ಅದರ ಬೆಲ್ಟ್. ಓಡುವಾಗ ಬ್ಯಾಟರಿ ತುಂಬುವುದು ಅದೇ.

ನಾಲ್ಕು: ಎಲ್ಲವೂ ಒಂದೇ ಕ್ಷಣಕ್ಕೆ ಹೋಯಿತು, ಇಂಡಿಕೇಟರ್, ಹಾರ್ನ್, ಒಳಗಿನ ದೀಪ ಸೇರಿ. ಇದು ಮನೆಯೇ ಕತ್ತಲಾದ ಹಾಗೆ. ಬ್ಯಾಟರಿಯ ಟರ್ಮಿನಲ್, ಮುಖ್ಯ ಫ್ಯೂಸ್, ಅಥವಾ ಬ್ಯಾಟರಿಯ ಮೈನಸ್ ವೈರು ಕಾರಿನ ಬಾಡಿಗೆ ಸೇರುವ ಜಾಗ. ನಾವು ಅರ್ತಿಂಗ್ ಅಂತ ಕರೆಯುವ ಆ ಬೋಲ್ಟ್.

ನನ್ನದು ನಾಲ್ಕನೆಯದು ಅಂತ ಅನಿಸಿತು. ಆದರೆ ಭಯದಲ್ಲಿ ಕಂಡದ್ದು ಸರಿಯಾ? ಸಾಕ್ಷಿ ಬೇಕಿತ್ತು. ಆಗ ನೆನಪಾಯಿತು. ಮೂರು ಸಲವೂ ಕಾರು ಮತ್ತೆ ಶುರುವಾದ ಕೂಡಲೇ ಡ್ಯಾಶ್‌ಬೋರ್ಡಿನ ಫೋಟೋ ತೆಗೆದು "ಸರಿಯಾಯ್ತು, ಹೊರಟೆ" ಅಂತ ನನ್ನ ಗಂಡನಿಗೆ ಕಳಿಸಿದ್ದೆ. ತೆಗೆದು ನೋಡಿದೆ. ಮೊದಲ ಫೋಟೋ ಫೋನಿನ ಪ್ರಕಾರ ರಾತ್ರಿ 9:20ರದ್ದು. ಕಾರಿನ ಗಡಿಯಾರದಲ್ಲಿ 12:04. ಎರಡನೆಯದರಲ್ಲಿ 12:01. ಮೂರನೆಯದರಲ್ಲಿ 12:02. ಪ್ರತಿ ಸಲವೂ ಗಡಿಯಾರ ಸತ್ತು ಹುಟ್ಟಿತ್ತು!

ಕಾರಿನ ಗಡಿಯಾರಕ್ಕೆ ಕೀ ತೆಗೆದರೂ ಬ್ಯಾಟರಿಯಿಂದ ಸದಾ ಕರೆಂಟ್ ಇರುತ್ತದೆ. ಪೆಟ್ರೋಲ್ ಕೆಟ್ಟರೆ ಗಡಿಯಾರ ನಿಲ್ಲದು. ಇಗ್ನಿಷನ್ ಸ್ವಿಚ್ ಕೆಟ್ಟರೂ ನಿಲ್ಲದು. ಅದು ಸೊನ್ನೆಗೆ ಮರಳಬೇಕಾದರೆ ಬ್ಯಾಟರಿಗೂ ಕಾರಿಗೂ ನಡುವಿನ ದಾರಿಯೇ ಕಡಿದಿರಬೇಕು. ಸ್ಕ್ಯಾನರ್ ಖಾಲಿ ಇದ್ದುದೂ ಆಗ ಹೊಂದಿಕೆಯಾಯಿತು. ಹಲವು ಹಳೆಯ ಕಾರುಗಳಲ್ಲಿ ಬ್ಯಾಟರಿ ಕಡಿದುಹೋದರೆ ನೆನಪಿನಲ್ಲಿದ್ದ ಕೋಡುಗಳೂ ಅಳಿಸಿಹೋಗುತ್ತವೆ. ಖಾಲಿ ಸ್ಕ್ಯಾನರ್ ಅಂದರೆ ಕಾರು ಚೆನ್ನಾಗಿದೆ ಅಂತಲ್ಲ.

ಇನ್ನು ಈ ಕಾರಿನಲ್ಲಿ ಬ್ಯಾಟರಿ ಎಲ್ಲಿದೆ ಗೊತ್ತಾ? ಬಾನೆಟ್ ಕೆಳಗಲ್ಲ. ಮುಂದೆ ಹಿಂದೆ ತೂಕ ಸಮ ಇರಲಿ ಅಂತ ಕೆಲವು ಸ್ಪೋರ್ಟ್ಸ್ ಕಾರುಗಳಲ್ಲಿ ಬ್ಯಾಟರಿಯನ್ನು ಹಿಂದೆ ಇಡುತ್ತಾರೆ. ಡಿಕ್ಕಿಯಲ್ಲಿ! ಅಮ್ಮ ಹೇಳಿದ ಡಿಕ್ಕಿಯಲ್ಲಿ.

ಭಾನುವಾರ ಬೆಳಿಗ್ಗೆ ಕೆಲವೇ ನೂರು ರೂಪಾಯಿಯ ಮಲ್ಟಿಮೀಟರ್ ತಂದೆ. ಬ್ಯಾಟರಿಯ ಎರಡು ತುದಿಗೆ ಹಚ್ಚಿದರೆ 12.6 ವೋಲ್ಟ್, ತುಂಬಿದ ಬ್ಯಾಟರಿ. ಇಂಜಿನ್ ಓಡುವಾಗ 14.2, ಆಲ್ಟರ್ನೇಟರ್ ಕೂಡ ಸರಿ. ಬದಲಿಸಿ ನೋಡೋಣ ಅಂದಿದ್ದ ಆಲ್ಟರ್ನೇಟರ್ ಎರಡು ನಿಮಿಷದಲ್ಲಿ ನಿರಪರಾಧಿ ಅಂತ ಸಾಬೀತಾಯಿತು.

ಮುಂದಿನದು ಮುಖ್ಯ ಪರೀಕ್ಷೆ. ಇಂಜಿನ್ ಬಂದ್ ಮಾಡಿ, ಹೆಡ್‌ಲೈಟ್, ಬ್ಲೋವರ್ ಎಲ್ಲ ಹಾಕಿ, ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದನ್ನು ಕಾರಿನ ಬಾಡಿಯ ಸ್ವಚ್ಛ ಲೋಹದ ಮೇಲೆ ಇಟ್ಟೆ. ಎರಡೂ ಒಂದೇ ಅಂತ ಲೆಕ್ಕ. ಹಾಗಾಗಿ ಸೊನ್ನೆಯ ಹತ್ತಿರ, 0.1 ವೋಲ್ಟಿಗಿಂತ ಕಡಿಮೆ ಬರಬೇಕು. ಬಂದದ್ದು 0.4. ಎಲ್ಲ ಲೈಟು ಹಾಕುವುದು ಏಕೆ ಅಂದರೆ, ಕರೆಂಟ್ ಹರಿಯದಿದ್ದರೆ ತಡೆ ಕಾಣುವುದಿಲ್ಲ. ನಲ್ಲಿ ತಿರುಗಿಸದೆ ಪೈಪ್ ಕಟ್ಟಿದೆಯಾ ಅಂತ ಹೇಗೆ ಗೊತ್ತಾಗಬೇಕು? ನನ್ನ ಗಂಡ ಟಾರ್ಚ್ ಹಿಡಿದಿದ್ದವನು ಆ ಮೈನಸ್ ಕೇಬಲ್ಲನ್ನು ಸ್ವಲ್ಪ ಅಲ್ಲಾಡಿಸಿದ. 0.4 ಇದ್ದದ್ದು 3 ಆಯಿತು, ತಟ್ಟನೆ 12 ದಾಟಿತು. ಅದೇ ಕ್ಷಣ ಕಾರಿನ ದೀಪಗಳೆಲ್ಲ ಆರಿದವು. ಬ್ಯಾಟರಿಯ ಅಷ್ಟೂ ವೋಲ್ಟೇಜ್ ಆ ಒಂದು ಬೋಲ್ಟಿನ ಕೆಳಗೆ ಸಿಕ್ಕಿಬಿದ್ದಿತ್ತು. ಡಿಕ್ಕಿಯ ಬಾಗಿಲನ್ನು ದಡ್ ಅಂತ ಹಾಕಿದೆ. ದೀಪ ಹತ್ತಿತು.

ನಾವಿಬ್ಬರೂ ಮಾತಾಡಲಿಲ್ಲ. ನನಗೆ ಖಂಡಾಲಾ ಘಾಟಿನಲ್ಲಿ ಮಳೆಯಲ್ಲಿ ನೆನೆಯುತ್ತ ನಿಂತಿದ್ದ ಅಮ್ಮ ಕಣ್ಣಿಗೆ ಬಂದಳು.

ಬಡಾವಣೆಯ ಹಳೆಯ ಆಟೋ ಎಲೆಕ್ಟ್ರಿಷಿಯನ್ ಕಾಕಾ ಒಬ್ಬರು ಬೋಲ್ಟ್ ಬಿಚ್ಚಿದರು. ಕೆಳಗೆ ಹಸಿರು ಪುಡಿ, ತುಕ್ಕು. ಛಾವಣಿಯ ನೀರು ಹರಿದುಹೋಗುವ ಸಣ್ಣ ಕೊಳವೆ ಎಲೆ ಕಸದಿಂದ ಕಟ್ಟಿ, ಮಳೆ ನೀರು ಡಿಕ್ಕಿಯ ಒಳಗೆ ಇಳಿಯುತ್ತಿತ್ತು. ಕಾಕಾ ಲೋಹ ಹೊಳೆಯುವವರೆಗೆ ಉಜ್ಜಿ, ಕೇಬಲ್ಲಿನ ತುದಿಗೆ ಹೊಸ ಲಗ್ ಹಾಕಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದರು. ಕೊಳವೆಯನ್ನೂ ಸ್ವಚ್ಛ ಮಾಡಿಸಿದೆ. ಇಲ್ಲದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತದೇ ಕತೆ. ಮೀಟರ್ ಈಗ 0.03 ತೋರಿಸಿತು. ಕೂಲಿ, ಸಾಮಾನು ಸೇರಿ 850 ರೂಪಾಯಿ. ಆಮೇಲೆ ಒಂದು ಪೂರ್ತಿ ಮಳೆಗಾಲ ಕಳೆದಿದೆ, ಕಾರು ನಿಂತಿಲ್ಲ.

ಹೊಸ ಬ್ಯಾಟರಿ ಹಾಕಿದಾಗ ಒಂದೂವರೆ ತಿಂಗಳು ಸರಿ ಇದ್ದದ್ದು ಹೇಗೆ ಅಂತ ಕೇಳಬಹುದು. ಹಾಕುವಾಗ ಕೇಬಲ್ ಅಲುಗಾಡಿ, ತುಕ್ಕಿನ ನಡುವೆ ಸ್ವಲ್ಪ ಹೊಸ ಲೋಹ ತಾಗಿತ್ತು, ಅಷ್ಟೇ. ರೋಗ ಹೋಗದೆ ಜ್ವರ ಮಾತ್ರ ಇಳಿದಿತ್ತು. ಮಳೆಯ ರಾತ್ರಿಯಲ್ಲೇ ಏಕೆ? ಬ್ಯಾಟರಿಯ ಸಂಪರ್ಕ ತಪ್ಪಿದರೂ ಓಡುವ ಇಂಜಿನ್ ಆಲ್ಟರ್ನೇಟರ್ ಒಂದರ ಮೇಲೆ ಹೇಗೋ ನಡೆಯಬಹುದು. ಆದರೆ ತೆವಳುವ ಟ್ರಾಫಿಕ್‌ನಲ್ಲಿ ಅದರ ಶಕ್ತಿ ಕಡಿಮೆ. ಲೈಟು, ವೈಪರ್, ಬ್ಲೋವರ್, ರೇಡಿಯೇಟರ್ ಫ್ಯಾನ್ ಒಟ್ಟಿಗೆ ಎಳೆದರೆ ವೋಲ್ಟೇಜ್ ಕುಸಿದು ಇಂಜಿನ್ ಕಂಪ್ಯೂಟರ್ ಆರುತ್ತದೆ. ಹಗಲಿನ ಬಿಸಿಲಲ್ಲಿ ಟ್ರಯಲ್ ಮಾಡಿದರೆ ಅದು ಕಾಣಿಸುವುದಾದರೂ ಹೇಗೆ? ಇದೇ ಕಾರಣಕ್ಕೆ ಇನ್ನೊಂದು ಮಾತು: ಓಡುತ್ತಿರುವ ಕಾರಿನ ಬ್ಯಾಟರಿ ವೈರು ಕಿತ್ತು ಆಲ್ಟರ್ನೇಟರ್ ಪರೀಕ್ಷಿಸುವ ಹಳೆಯ ಪದ್ಧತಿಗೆ ಯಾರಿಗೂ ಬಿಡಬೇಡಿ. ಆಗ ಏರುವ ವೋಲ್ಟೇಜಿಗೆ ಈಗಿನ ಕಾರುಗಳ ಕಂಪ್ಯೂಟರ್ ಸುಟ್ಟುಹೋಗಬಹುದು.

ಇದು ನನ್ನೊಬ್ಬಳ ಕತೆಯಾಗಿದ್ದರೆ ನಿಮ್ಮ ಸಮಯ ತೆಗೆದುಕೊಳ್ಳುತ್ತಿರಲಿಲ್ಲ. ಓಡುವ ಕಾರು ತಟ್ಟನೆ ನಿಲ್ಲುವುದನ್ನು ಸಣ್ಣ ವಿಷಯ ಅಂತ ತಳ್ಳಿಹಾಕಿದರೆ ಏನಾಗುತ್ತದೆ ಅನ್ನುವುದಕ್ಕೆ ಅಮೆರಿಕದಲ್ಲಿ ದೊಡ್ಡ ಉದಾಹರಣೆ ಇದೆ.

2014ರಲ್ಲಿ ಜನರಲ್ ಮೋಟರ್ಸ್ ಕಂಪನಿ ಒಂದು ಇಗ್ನಿಷನ್ ಸ್ವಿಚ್ಚಿನ ದೋಷಕ್ಕಾಗಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಯಿತು. ಶೆವರ್ಲೆ ಕೋಬಾಲ್ಟ್‌ನಂಥ ಸಾಮಾನ್ಯ ಕಾರುಗಳ ಜೊತೆ ಪಾಂಟಿಯಾಕ್ ಸಾಲ್‌ಸ್ಟಿಸ್ ಮತ್ತು ಸ್ಯಾಟರ್ನ್ ಸ್ಕೈ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳೂ ಅದರಲ್ಲಿದ್ದವು. ಸ್ವಿಚ್ಚಿನೊಳಗಿನ ಸ್ಪ್ರಿಂಗ್ ಇರಬೇಕಾದಷ್ಟು ಬಿಗಿ ಇರಲಿಲ್ಲ. ಕೀಗೊಂಚಲು ಭಾರವಿದ್ದರೆ ಅಥವಾ ರಸ್ತೆಯ ಕುಲುಕಿಗೆ ಕೀ ತಾನಾಗಿ ಹಿಂದಕ್ಕೆ ಜಾರುತ್ತಿತ್ತು. ಇಂಜಿನ್ ನಿಲ್ಲುತ್ತಿತ್ತು, ಸ್ಟೀರಿಂಗ್ ಭಾರವಾಗುತ್ತಿತ್ತು, ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ನಾನು ಹೇಳಿದ ಎರಡನೆಯ ಚಿತ್ರ ಇದು. ಅದೇ ವರ್ಷ ಜೂನ್‌ನಲ್ಲಿ ಐದು ಲಕ್ಷಕ್ಕೂ ಹೆಚ್ಚು ಶೆವರ್ಲೆ ಕ್ಯಾಮರೋ ಸ್ಪೋರ್ಟ್ಸ್ ಕಾರುಗಳನ್ನೂ ಕರೆಸಿದರು. ಓಡಿಸುವವರ ಮೊಣಕಾಲು ಕೀಗೆ ತಾಗಿದರೆ ಕಾರು ಬಂದ್ ಆಗಬಹುದಿತ್ತು.

ಆ ಮೊದಲ ದೋಷದಿಂದ ಆದ 124 ಸಾವುಗಳಿಗೆ ಕಂಪನಿಯ ಪರಿಹಾರ ನಿಧಿ ಹಣ ಕೊಟ್ಟಿತು. ಈ ದೋಷಕ್ಕೆ ಬಲಿಯಾದ ಜಾರ್ಜಿಯಾ ರಾಜ್ಯದ ಒಬ್ಬ ನರ್ಸ್ ಹುಡುಗಿಯ ಕತೆ ನನ್ನನ್ನು ಬಿಡುವುದಿಲ್ಲ. 2010ರಲ್ಲಿ, ತನ್ನ 29ನೇ ಹುಟ್ಟುಹಬ್ಬದ ದಿನ ತೀರಿಕೊಂಡಳು. ಕೆಲವೇ ದಿನ ಮೊದಲು "ಓಡುತ್ತಿದ್ದ ಕಾರು ಬಂದ್ ಆಯಿತು" ಅಂತ ಡೀಲರ್ ಹತ್ತಿರ ಬಿಟ್ಟಿದ್ದಳು. ಅವರು ಇಂಧನ ವ್ಯವಸ್ಥೆ ಸ್ವಚ್ಛ ಮಾಡಿ ವಾಪಸು ಕೊಟ್ಟಿದ್ದರು. ನನ್ನ ಮೊದಲ ಗ್ಯಾರೇಜು ಮಾಡಿದ್ದೂ ಅದನ್ನೇ. ಆಕೆಯ ತಂದೆ ತಾಯಿ ಸುಮ್ಮನಾಗಲಿಲ್ಲ. ಅವರ ವಕೀಲರ ಪರವಾಗಿ ಒಬ್ಬ ಎಂಜಿನಿಯರ್ ಹಳೆಯ ಸ್ವಿಚ್ಚನ್ನೂ, ಅಂಗಡಿಯ ಹೊಸ ಸ್ವಿಚ್ಚನ್ನೂ ಬಿಚ್ಚಿ ಪಕ್ಕಪಕ್ಕ ಇಟ್ಟು ಅಳೆದಾಗ, ಒಳಗಿನ ಒಂದು ಪುಟ್ಟ ಭಾಗದ ಉದ್ದ ಬೇರೆ ಇತ್ತು. ಕಂಪನಿ ನಡುವೆ ಸ್ವಿಚ್ಚನ್ನು ಸುಧಾರಿಸಿತ್ತು, ಆದರೆ ಭಾಗದ ನಂಬರ್ ಬದಲಿಸಿರಲಿಲ್ಲ. ಹಾಗಾಗಿ ಯಾವುದು ಹಳೆಯದು, ಯಾವುದು ಹೊಸದು ಅಂತ ಕಾಗದದ ಮೇಲೆ ಯಾರಿಗೂ ತಿಳಿಯುವಂತಿರಲಿಲ್ಲ.

ಆಮೇಲೆ ಕಂಪನಿಯೇ ಮಾಡಿಸಿದ ತನಿಖಾ ವರದಿಯಲ್ಲಿ ಒಂದು ಅಂಶವಿದೆ. ಓಡುವಾಗ ಕಾರು ನಿಲ್ಲುವುದನ್ನು ಅಲ್ಲಿನ ಎಂಜಿನಿಯರುಗಳು ವರ್ಷಗಟ್ಟಲೆ "ಗ್ರಾಹಕರ ಅನುಕೂಲ"ದ ವಿಷಯ ಅಂತ ಪಟ್ಟಿ ಮಾಡಿದ್ದರು, ಸುರಕ್ಷತೆಯ ವಿಷಯ ಅಂತ ಅಲ್ಲ. ನಾನೂ ಕಚೇರಿಯಲ್ಲಿ ದೂರುಗಳಿಗೆ ಇಂಥ ಹಣೆಪಟ್ಟಿ ಹಚ್ಚುವವಳೇ. ದೂರಿಗೆ ಯಾವ ಹೆಸರು ಇಡುತ್ತೇವೋ ಅದರ ಮೇಲೆ ಯಾರು, ಯಾವಾಗ ನೋಡುತ್ತಾರೆ ಅನ್ನುವುದು ನಿಂತಿರುತ್ತದೆ. ಹಾಗಾಗಿ ಗ್ಯಾರೇಜಿಗೆ ಹೋದಾಗ "ಕಾರು ಸ್ವಲ್ಪ ತೊಂದರೆ ಕೊಡ್ತಿದೆ" ಅನ್ನಬೇಡಿ. "ಓಡುವಾಗ ಬಂದ್ ಆಗುತ್ತಿದೆ, ಇದು ಜೀವದ ವಿಷಯ" ಅನ್ನಿ. ಜಾಬ್ ಕಾರ್ಡಿನಲ್ಲಿ ಹಾಗೇ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ.

ಕಾರು ಓಡುವಾಗ ನಿಂತರೆ ಏನು ಮಾಡಬೇಕು, ಅದನ್ನೂ ಹೇಳಿಬಿಡುತ್ತೇನೆ. ಕೀ ತೆಗೆಯಬೇಡಿ, ಸ್ಟೀರಿಂಗ್ ಲಾಕ್ ಆಗಬಹುದು. ಸ್ಟೀರಿಂಗ್ ಭಾರವಾಗುತ್ತದೆ, ಆದರೆ ತಿರುಗುತ್ತದೆ. ಎರಡೂ ಕೈಯಿಂದ ಎಳೆಯಿರಿ. ಬ್ರೇಕಿನ ಸಹಾಯ ಒಂದೆರಡು ಒತ್ತಿಗೆ ಮಾತ್ರ ಉಳಿದಿರುತ್ತದೆ. ಪದೇ ಪದೇ ಒತ್ತಬೇಡಿ, ಒಮ್ಮೆ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ನ್ಯೂಟ್ರಲ್ ಮಾಡಿ ಎಡಕ್ಕೆ ಬನ್ನಿ, ನಾಲ್ಕೂ ಇಂಡಿಕೇಟರ್ ಹಾಕಿ. ಎಡಬದಿಯಿಂದ ಇಳಿದು ತಡೆಯ ಆಚೆ ನಿಂತು 112ಕ್ಕೆ ಫೋನ್ ಮಾಡಿ. ಕಾರಿನೊಳಗೆ ಕೂತು ಕಾಯಬೇಡಿ. ಸುರಕ್ಷಿತವಾಗಿ ನಿಂತ ಮೇಲೆ ಫೋನಿನಲ್ಲಿ ಬರೆದಿಡಿ: ಏನೇನು ಆರಿತು, ಏನು ಉಳಿಯಿತು, ಮಳೆಯೋ ಬಿಸಿಲೋ, ಏನು ಮಾಡಿದಾಗ ಮತ್ತೆ ಶುರುವಾಯಿತು. ಗಡಿಯಾರ ನೋಡಲು ಮರೆಯಬೇಡಿ.

ರಿಪೇರಿಯಾದ ದಿನ ಸಂಜೆ ಧಾರವಾಡಕ್ಕೆ ಫೋನ್ ಮಾಡಿದೆ. "ಅಮ್ಮಾ, ಡಿಕ್ಕಿಯೊಳಗೇ ಇತ್ತು ನೋಡು. ನೀ ಹೇಳಿದ್ದೇ ಖರೆ" ಅಂದೆ. ಅವಳಿಗೆ ವೋಲ್ಟೂ ಗೊತ್ತಿಲ್ಲ, ಅರ್ತಿಂಗೂ ಗೊತ್ತಿಲ್ಲ. ಆದರೆ ಏನಾದ ಮೇಲೆ ಏನಾಯಿತು ಅಂತ ಕಣ್ಣಿಟ್ಟು ನೋಡಿದ್ದಳು. ರೋಗ ಹುಡುಕುವುದರ ಮೊದಲ ಪಾಠವೇ ಅದು, ಮತ್ತು ಮೂರು ಗ್ಯಾರೇಜು, ಒಬ್ಬ ಎಂಟೆಕ್ ಸೇರಿ ಅದನ್ನು ಮೂರು ತಿಂಗಳು ಕೇಳಿಸಿಕೊಳ್ಳಲಿಲ್ಲ. ನಾನು ಕ್ಷಮೆ ಕೇಳುವ ಮೊದಲೇ ಅವಳು, "ಅದಿರಲಿ, ಇನ್ನ ಮಳ್ಯಾಗ ನಿಲ್ಲೂದಿಲ್ಲ ಹೌದಿಲ್ಲೋ? ಮುಂದಿನ ಸಲ ಬಂದಾಗ ಲೋನಾವಳಕ್ಕ ಕರಕೊಂಡು ಹೋಗು" ಅಂದಳು.

ಹೋಗಿ ಬಂದೆವು. ಘಾಟಿನಲ್ಲಿ ಮಳೆಯೂ ಇತ್ತು. ಕಾರಿನ ಗಡಿಯಾರ ಮನೆ ತಲುಪುವವರೆಗೂ ಸರಿಯಾದ ಹೊತ್ತನ್ನೇ ತೋರಿಸುತ್ತಿತ್ತು.

 ಮಲ್ಟಿಮೀಟರ್ ತಂದಿದ್ದೇನೆ. ಚಹಾ ಹೊತ್ತಿನಲ್ಲಿ ಕೆಳಗೆ ಪಾರ್ಕಿಂಗ್‌ಗೆ ಬಂದರೆ ನಿಮ್ಮ ಕಾರಿನ ಬ್ಯಾಟರಿ ಹೇಗಿದೆ ಅಂತ ನೀವೇ ಅಳೆದು ನೋಡಬಹುದು.